ಬಾಗಿದ ನೆಕ್, ಕೂರದ ಶ್ರುತಿ: ಎರಡನೇ ಗಿಟಾರಿಗೆ ಕೈ ಹಾಕುವ ಮುಂಚೆ

ಪ್ರಶ್ನೆ: ನಾನು ಮಂಡ್ಯದವನು. ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ ಊರಿನ ಬಡಗಿ ಸ್ನೇಹಿತನ ಜೊತೆ ಸೇರಿ ಎಲೆಕ್ಟ್ರಿಕ್ ಗಿಟಾರ್ ಮಾಡಿದೆ. ತಾತನ ತೊಟ್ಟಿ ಮನೆ ಕೆಡವಿದಾಗ ಉಳಿದಿದ್ದ ತೇಗದ ತೊಲೆಯಿಂದಲೇ ಬಾಡಿ, ನೆಕ್ (ಕೈ ಹಿಡಿಯುವ ಉದ್ದನೆಯ ಕತ್ತು) ಎರಡನ್ನೂ ತೆಗೆದೆವು. ನೆಕ್ ತೆಳ್ಳಗಿದ್ದರೆ ಕೈಗೆ ಹಿತ ಅಂತ 17 ಮಿ.ಮೀ.ಗೆ ಇಳಿಸಿದೆ. ಗಟ್ಟಿಯಾಗಿರಲಿ ಅಂತ ಒಳಗೆ 6 ಮಿ.ಮೀ. ಕಬ್ಬಿಣದ ಕಂಬಿ ಕೂರಿಸಿ ಬಿಳಿ ಅಂಟು ಹಾಕಿದೆವು. ತಂತಿ ಕಟ್ಟಿ ಎರಡು ತಿಂಗಳಾಗುವಷ್ಟರಲ್ಲಿ ನೆಕ್ ಮುಂದಕ್ಕೆ ಬಾಗಿತು. ಬಾಡಿಯ ಮೇಲೆ ತಂತಿ ಹೊರುವ ಬ್ರಿಡ್ಜ್ ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಇದೆ. ಏಳನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದ ಮೇಲೆ ಶ್ರುತಿಯೇ ಕೂರುವುದಿಲ್ಲ. ಆಂಪ್ ಹಾಕಿದರೆ ಗುಂಯ್ ಅನ್ನುತ್ತದೆ, ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ಈಗ ಮತ್ತೊಂದು ಮಾಡಬೇಕು ಅಂತಿದ್ದೇನೆ. ವೀಣೆ ನುಡಿಸುವ ಚಿಕ್ಕಪ್ಪ ಹಲಸು ಹಾಕು ಅನ್ನುತ್ತಾರೆ, ಸ್ನೇಹಿತ ಬೀಟೆ ಅನ್ನುತ್ತಾನೆ. ಯಾವ ಮರ ಸರಿ ಸಾರ್? ಹಳೆಯದನ್ನು ಒಲೆಗೆ ಹಾಕುವುದೇ?

ಉತ್ತರ: ಒಲೆಗೆ ಹಾಕಬೇಡಿ. ಪತ್ರದ ಜೊತೆ ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಬಾಡಿಯ ಕೆಲಸ ಚೆನ್ನಾಗಿದೆ. ನೆಕ್ ಕೂರುವ ಗುಂಡಿಯಲ್ಲಿ ಒಂದು ಕಾಗದ ತೂರುವಷ್ಟೂ ಸಂದಿಲ್ಲ, ಮೊದಲ ಸಲ ಮಾಡುವವರ ಕೈಯಲ್ಲಿ ಅಷ್ಟು ಬಿಗಿ ಬರುವುದು ಅಪರೂಪ. ಇನ್ನು ಮರದ ವಿಚಾರ. ನೀವು ಹೇಳಿರುವ ನಾಲ್ಕು ತೊಂದರೆಗಳಲ್ಲಿ ಮರದ ಜಾತಿಯಿಂದ ಬಂದದ್ದು ಒಂದೂ ಇಲ್ಲ. ಇದೇ ತೇಗದಲ್ಲಿ ನೆಟ್ಟಗಿರುವ ನೆಕ್ ಮಾಡಬಹುದಿತ್ತು. ಹಾಗೆಯೇ, ದುಬಾರಿ ಮೇಪಲ್ ತರಿಸಿ ಹೀಗೇ ಮಾಡಿದ್ದರೂ ಅದು ಬಾಗುತ್ತಿತ್ತು. ಆದ್ದರಿಂದ ಸಾ ಮಿಲ್‌ಗೆ ಹೋಗುವ ಮುಂಚೆ, ಕೆಟ್ಟದ್ದು ಯಾಕೆ ಕೆಟ್ಟಿತು ಅನ್ನುವುದನ್ನು ಒಂದೊಂದಾಗಿ ಬಿಡಿಸಿಕೊಳ್ಳೋಣ.

ಮೊದಲು ಚಿಕ್ಕಪ್ಪನವರ ಮಾತು. ವೀಣೆಯ ಮಟ್ಟಿಗೆ ಅವರು ಹೇಳಿದ್ದು ಸರಿ. ವೀಣೆಯ ಕೊಡ ಟೊಳ್ಳು. ತಂತಿಯ ಕಂಪನ ಕುದುರೆಯಿಂದ ಮೇಲ್ಹಲಗೆಗೆ ಇಳಿದು, ಕೊಡದೊಳಗಿನ ಗಾಳಿಯನ್ನು ಅಲುಗಿಸಿ ನಾದವಾಗುತ್ತದೆ. ಅಲ್ಲಿ ಹಲಸು ಎಷ್ಟು ಹಳೆಯದು, ಎಷ್ಟು ತೆಳ್ಳಗೆ ಕೊರೆದಿದ್ದಾರೆ ಅನ್ನುವುದೆಲ್ಲ ಕಿವಿಗೆ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ದಾರಿ ಬೇರೆ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಕೂದಲೆಳೆಯಂಥ ತಾಮ್ರದ ತಂತಿ. ಅದರ ಎದುರು ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್‌ಗೆ ಹೋಗುವುದು ಅದೇ. ಮರದ ಸದ್ದನ್ನು ಪಿಕಪ್ ಕೇಳಿಸಿಕೊಳ್ಳುವುದಿಲ್ಲ. ಮರದ ಪಾತ್ರ ಸೊನ್ನೆ ಅಂತ ನಾನು ಹೇಳಲಾರೆ. ನೆಕ್ ಎಷ್ಟು ಬಿಗಿ, ಬ್ರಿಡ್ಜ್ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದು ತಂತಿ ಎಷ್ಟು ಹೊತ್ತು ಮಿಡಿಯುತ್ತದೆ ಅನ್ನುವುದನ್ನು ಬದಲಿಸುತ್ತದೆ. ಆದರೆ ಪಿಕಪ್‌ನ ಎತ್ತರವನ್ನು ಒಂದು ಮಿ.ಮೀ. ಏರಿಸಿ ಇಳಿಸಿದರೆ ಆಗುವ ವ್ಯತ್ಯಾಸ, ಹಲಸಿನ ಬದಲು ತೇಗ ಹಾಕಿದರೆ ಆಗುವುದಕ್ಕಿಂತ ಹೆಚ್ಚು.

ಇತಿಹಾಸವೂ ಇದನ್ನೇ ಹೇಳುತ್ತದೆ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಕಂಪನಿಯ ಮೊದಲ ಎಲೆಕ್ಟ್ರಿಕ್ ಗಿಟಾರಿನ ಬಾಡಿ ಎರಕ ಹೊಯ್ದ ಅಲ್ಯುಮಿನಿಯಂ. 1940ರ ಆಸುಪಾಸಿನಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕು ಇಂಚು ಚೌಕದ ಪೈನ್ ತುಂಡಿಗೆ ತಂತಿ ಕಟ್ಟಿ ನುಡಿಸಿದರು. ನೋಡುವವರಿಗೆ ಗಿಟಾರಿನ ಹಾಗೆ ಕಾಣಲಿ ಅಂತ ಎಪಿಫೋನ್ ಗಿಟಾರೊಂದನ್ನು ಸೀಳಿ ಎರಡು ಪಕ್ಕಕ್ಕೂ ಅಂಟಿಸಿದರು. ತಾತನ ತೊಲೆಯ ಬಗ್ಗೆ ನಿಮಗೆ ಅಳುಕಿದ್ದರೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಹದಿಹರೆಯದಲ್ಲಿ, 1963ರಲ್ಲಿ, ಅಪ್ಪನ ಜೊತೆ ಸೇರಿ ಶುರು ಮಾಡಿದ ಗಿಟಾರಿನ ನೆಕ್ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿಯದು. ಹುಳು ಕೊರೆದಿದ್ದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದ್ದರು. ಆ ನೆಕ್ ಬಲು ದಪ್ಪ, ಒಳಗೆ ಬಾಗು ತಿದ್ದುವ ಟ್ರಸ್ ರಾಡ್ ಕೂಡ ಇದೆ. ಅವರು ನಿಮ್ಮ ಹಾಗೆಯೇ ಹಳೆ ಮರ ಹಾಕಿದರು, ಆದರೆ ನಿಮ್ಮ ಹಾಗೆ ತೆಳ್ಳಗೆ ಮಾಡಲಿಲ್ಲ.

ಈಗ ನೆಕ್‌ಗೆ ಬರೋಣ, ಏಕೆಂದರೆ ನಿಮ್ಮ ಗಿಟಾರ್ ಕೆಟ್ಟಿರುವುದು ಮುಖ್ಯವಾಗಿ ಅಲ್ಲೇ. ನಟ್‌ನಿಂದ (ನೆಕ್‌ನ ತಲೆಯ ಬಳಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ಗೆ 648 ಮಿ.ಮೀ. ಅಳತೆಯ ಗಿಟಾರಿಗೆ 10–46 ಸೆಟ್ (ಅತಿ ತೆಳು, ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಕಟ್ಟಿ ಶ್ರುತಿಗೆ ತಂದರೆ ಆರೂ ತಂತಿ ಸೇರಿ ಸುಮಾರು 46 ಕೆ.ಜಿ. ಎಳೆಯುತ್ತವೆ. ಒಂದು ಮೂಟೆ ಸಿಮೆಂಟಿಗೆ ತುಸು ಕಡಿಮೆ, ಅದೂ ಹಗಲು ರಾತ್ರಿ. ಮರದ ಬಿಗಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. 21 ಮಿ.ಮೀ. ಇರಬೇಕಾದ ಕಡೆ ನೀವು 17ಕ್ಕೆ ಇಳಿಸಿದಾಗ ಹೋದದ್ದು ಐದನೇ ಒಂದು ಭಾಗ ಮರ, ಆದರೆ ಬಿಗಿ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಒಳಗಿನ ಕಂಬಿ ಯಾಕೆ ತಡೆಯಲಿಲ್ಲ ಅಂದರೆ, ಅದು ಕೂತಿರುವುದು ನೆಕ್‌ನ ದಪ್ಪದ ನಟ್ಟನಡುವೆ. ಬಾಗುವಾಗ ಅತಿ ಕಡಿಮೆ ಎಳೆತ ಬೀಳುವ ಜಾಗವದು. ಟ್ರಸ್ ರಾಡ್ ಅಂದರೆ ಬರೀ ಕಂಬಿಯೂ ಅಲ್ಲ. ಒಂದು ತುದಿಯ ತಿರುಪಿನ ನಟ್ ತಿರುಗಿಸಿದರೆ ಅದು ತಾನೇ ಬಾಗಿ, ತಂತಿಯ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಕಡೆಗೆ ತಿರುಗಿಸಬಹುದಾದ ‘ಡ್ಯುಯಲ್ ಆಕ್ಷನ್’ ರಾಡ್‌ಗಳು ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ಅದನ್ನೇ ಕೊಳ್ಳಿ. ವರ್ಕ್‌ಶಾಪಿನಲ್ಲಿ ನಾನೇ ಮಾಡಿಕೊಳ್ಳುತ್ತೇನೆ ಅನ್ನುವ ಆಸೆ ಟೂಲ್ ರೂಮಿನವರಿಗೆ ಬರುವುದು ಸಹಜ, ಈ ಸಲಕ್ಕೆ ಬಿಡಿ.

ಇನ್ನೊಂದು ವಿಷಯ ಫೋಟೊದಲ್ಲಿ ಕಂಡಿತು. ನೆಕ್ಕನ್ನು ಪಕ್ಕದಿಂದ ತೆಗೆದ ಚಿತ್ರ ನೋಡಿ. ಮರದ ಎಳೆಗಳು ತಲೆಯಿಂದ ಬುಡದ ತನಕ ಉದ್ದಕ್ಕೆ ಹೋಗಬೇಕು. ನಿಮ್ಮದರಲ್ಲಿ ಮೂರನೇ ಫ್ರೆಟ್ ಹತ್ತಿರ ಶುರುವಾದ ಎಳೆ ಒಂಬತ್ತನೆಯದರ ಹೊತ್ತಿಗೆ ಹಿಂಬದಿಯಿಂದ ಹೊರಗೆ ಬಿದ್ದಿದೆ. ಇಂಥ ಓರೆ ಎಳೆಯ ಮರ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಕೈತಪ್ಪಿ ಬಿದ್ದರೆ ಅಲ್ಲೇ ಸೀಳುತ್ತದೆ. ಹಲಗೆ ಆರಿಸುವಾಗ ಉದ್ದ ನೋಡಿ ಮಾರುಹೋಗಬೇಡಿ. ಕೊಯ್ದ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಒದ್ದೆ ಬೆರಳು ಆಡಿಸಿ. ವರ್ಷದ ಉಂಗುರಗಳು ಎದ್ದು ಕಾಣುತ್ತವೆ. ಅವು ಹಲಗೆಯ ಅಗಲಕ್ಕೆ ನೆಟ್ಟಗೆ ನಿಂತಿದ್ದರೆ ನೆಕ್‌ಗೆ ಯೋಗ್ಯ. ಮಲಗಿದ್ದರೆ ಆ ಹಲಗೆಯನ್ನು ಮೂರು ಪಟ್ಟಿಯಾಗಿ ಸೀಳಿ, ಮಗ್ಗುಲಿಗೆ ಹೊರಳಿಸಿ, ನಡುವಿನದನ್ನು ತಲೆಕೆಳಗು ಮಾಡಿ ಅಂಟಿಸಿಕೊಂಡರೆ ಆಯಿತು. ಒಂದರ ಬಾಗುವ ಚಾಳಿಯನ್ನು ಇನ್ನೊಂದು ಹಿಡಿದಿಡುತ್ತದೆ.

‘ಎಂಬತ್ತು ವರ್ಷ ಒಣಗಿದ ತೊಲೆ, ಇನ್ನೇನು ಅಲುಗುತ್ತೆ’ ಅಂತ ನಿಮ್ಮ ಸ್ನೇಹಿತ ಹೇಳಿರಬೇಕು. ಎಲ್ಲ ಬಡಗಿಗಳೂ ಹೇಳುತ್ತಾರೆ. ಬಾಗಿಲಿಗೆ, ಮಂಚಕ್ಕೆ ಆ ಮಾತು ಸಾಕು. ಆದರೆ ದಪ್ಪ ತೊಲೆಯೊಳಗೆ ಎಳೆತಗಳು ಒಂದನ್ನೊಂದು ಹಿಡಿದುಕೊಂಡು ಕೂತಿರುತ್ತವೆ. ಸೀಳಿದ ಕೂಡಲೇ ಆ ಸಮತೋಲ ತಪ್ಪಿ ಹೊಸ ಹಲಗೆ ತನಗೆ ಬೇಕಾದ ಕಡೆ ವಾಲುತ್ತದೆ. ಬೇಕಾದ್ದಕ್ಕಿಂತ ನಾಲ್ಕೈದು ಮಿ.ಮೀ. ದಪ್ಪಕ್ಕೆ ಸೀಳಿಸಿ, ನಡುನಡುವೆ ರೀಪರ್ ತುಂಡು ಇಟ್ಟು ಗಾಳಿಯಾಡುವ ಹಾಗೆ ಪೇರಿಸಿ, ಮೂರು ವಾರವಾದರೂ ಮನೆಯೊಳಗೆ ಬಿಡಿ. ಆಮೇಲೆ ಪ್ಲೇನರ್ ಹೊಡೆಸಿ. ತೇವ ಅಳೆಯುವ ಮೀಟರ್ ಸಿಕ್ಕರೆ ಶೇ 10ರ ಆಸುಪಾಸು ತೋರಿಸಬೇಕು. ನಿಮ್ಮದು ನಾಲೆ ಬಯಲಿನ ಊರು. ಸುತ್ತ ಗದ್ದೆಗೆ ನೀರು ನಿಂತಾಗ ಮರ ತೇವ ಕುಡಿಯುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಬಿಟ್ಟುಕೊಡುತ್ತದೆ. ಎಷ್ಟು ಹಳೆಯ ಮರವಾದರೂ ಇದು ತಪ್ಪಿದ್ದಲ್ಲ. ಟ್ರಸ್ ರಾಡ್ ಬೇಕಾಗುವುದು ಇದಕ್ಕೂ ಹೌದು.

ತೇಗದ ಇನ್ನೊಂದು ಗುಣ, ಅದರ ಎಣ್ಣೆ. ಗೆದ್ದಲನ್ನು ದೂರ ಇಡುವ ಮರವೇ ಅಂಟನ್ನೂ ದೂರ ಇಡುತ್ತದೆ. ಅಂಟಿಸುವ ಮೇಲ್ಮೈಯನ್ನು ಆಗಷ್ಟೇ ಹತ್ತರಿ ಹಿಡಿದು, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ. ನಾಳೆ ಹಚ್ಚುತ್ತೇನೆ ಅಂದರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ಬೀಟೆಗೂ ಇದೇ ಮಾತು. ಸಾಮಾನ್ಯ ಬಿಳಿ ಪಿವಿಎ ಅಂಟು ಸದಾ ಎಳೆತ ಇರುವ ಕಡೆ, ಅದರಲ್ಲೂ ತಗಡಿನ ಮಾಡಿನ ಕೋಣೆಯ ಬಿಸಿಲಿನಲ್ಲಿ, ಮೆಲ್ಲಗೆ ಜಾರುತ್ತದೆ. ನೆಕ್‌ನ ಜೋಡಣೆಗೆ ಹಳದಿ ಬಣ್ಣದ ಅಲಿಫ್ಯಾಟಿಕ್ ಅಂಟು ಅಥವಾ ನಿಧಾನ ಕೂರುವ ಎಪಾಕ್ಸಿ ಮೇಲು.

ತಂತಿಯ ಎತ್ತರಕ್ಕೆ ಬಾಗಿದ ನೆಕ್ ಅರ್ಧ ಕಾರಣ. ಇನ್ನರ್ಧ ನಿಮ್ಮ ಬ್ರಿಡ್ಜ್. ನೀವು ಹಾಕಿರುವುದು ಎರಡು ಕಂಬದ ಮೇಲೆ ನಿಲ್ಲುವ ಟ್ಯೂನ್-ಓ-ಮ್ಯಾಟಿಕ್. ಅದು ನೆಕ್ಕನ್ನು ಹಿಂದಕ್ಕೆ ಎರಡರಿಂದ ನಾಲ್ಕು ಡಿಗ್ರಿ ವಾಲಿಸಿ ಕೂರಿಸುವ ಗಿಟಾರಿಗೆ. ನಿಮ್ಮದು ಫೆಂಡರ್ ಕಂಪನಿಯ ಮಾದರಿ, ನೆಕ್ ಬಾಡಿಗೆ ಸಮಾನಾಂತರ. ಅಂಥದರಲ್ಲಿ ನೆಕ್‌ಗೆ 25 ಮಿ.ಮೀ. ದಪ್ಪದ ಬುಡ, 16 ಮಿ.ಮೀ. ಆಳದ ಗುಂಡಿ. ಫಿಂಗರ್‌ಬೋರ್ಡ್ (ಫ್ರೆಟ್‌ಗಳು ಕೂರುವ ಪಟ್ಟಿ) ಬಾಡಿಯಿಂದ ಸುಮಾರು 9 ಮಿ.ಮೀ. ಮೇಲಿರುತ್ತದೆ, ಬ್ರಿಡ್ಜ್ ಬಳಿ ತಂತಿ ಸುಮಾರು 12ರಲ್ಲಿ ಇರಬೇಕು. ನೀವು ಹಾಕಿದ ಬ್ರಿಡ್ಜ್ ಪೂರ್ತಿ ಇಳಿಸಿದರೂ ಅದಕ್ಕಿಂತ ಕೆಲವು ಮಿ.ಮೀ. ಮೇಲೆಯೇ ನಿಲ್ಲುತ್ತದೆ. ನೆಕ್ ನೆಟ್ಟಗಿದ್ದರೂ ಇದು ಸರಿಹೋಗುತ್ತಿರಲಿಲ್ಲ. ಚಪ್ಪಟೆ ಹಾರ್ಡ್‌ಟೇಲ್ ಬ್ರಿಡ್ಜ್ ಹಾಕಿ, ಮುಗಿಯಿತು.

ಶ್ರುತಿ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಅಪಸ್ವರ ಬಂದರೆ ಕುಶಲಕರ್ಮಿ ಮೇಣ ಬಿಸಿಮಾಡಿ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಕಿವಿಯಲ್ಲಿ ಕೇಳಿ ಕೂರಿಸುತ್ತಾನೆ. ಗಿಟಾರಿನ ಫ್ರೆಟ್ ಕೂರುವುದು ಗರಗಸದಲ್ಲಿ ಕೊಯ್ದ ಗೀರಿನಲ್ಲಿ. ಗೀರು ತಪ್ಪಿದರೆ ತಪ್ಪಿತು. ಅಳತೆ ಹಾಕುವ ಸೂತ್ರ ಸರಳ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿ, ಮುಂದಿನ ಫ್ರೆಟ್ ಅಷ್ಟು ದೂರ. 648 ಮಿ.ಮೀ.ಗೆ ಮೊದಲ ಫ್ರೆಟ್ ನಟ್‌ನಿಂದ 36.37ರಲ್ಲಿ, ಎರಡನೆಯದು 70.70, ಐದನೆಯದು 162.55, ಏಳನೆಯದು 215.51, ಹನ್ನೆರಡನೆಯದು ಸರಿಯಾಗಿ ಅರ್ಧ, 324. ಇವೆಲ್ಲ ನಟ್‌ನಿಂದ ಅಳೆದ ಲೆಕ್ಕ. ನೀವು ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತ ಹೋಗಿದ್ದೀರಿ ಅನ್ನುವುದು ನನ್ನ ಗುಮಾನಿ. ಹಾಗೆ ಮಾಡಿದರೆ ಪ್ರತಿ ಸಲದ ಕಾಲು ಮಿ.ಮೀ. ತಪ್ಪು ಒಂದರ ಮೇಲೊಂದು ಕೂಡಿಕೊಂಡು ಏಳನೆಯ ಫ್ರೆಟ್ ಹೊತ್ತಿಗೆ ಕಿವಿಗೆ ಬಡಿಯತೊಡಗುತ್ತದೆ. ಒಂದು ಮಿ.ಮೀ. ತಪ್ಪಿದರೆ ಮೊದಲ ಫ್ರೆಟ್‌ನಲ್ಲಿ ಆಗುವ ವ್ಯತ್ಯಾಸ ಮೂರು ಸೆಂಟ್‌ಗೂ ಕಡಿಮೆ, ಯಾರಿಗೂ ಗೊತ್ತಾಗದು. ಹನ್ನೆರಡರಲ್ಲಿ ಐದು, ಇಪ್ಪತ್ತರಲ್ಲಿ ಎಂಟೂವರೆ. ನೂರು ಸೆಂಟ್ ಅಂದರೆ ಅರ್ಧ ಸ್ವರ. ‘ಒಂದ್ ಮಿಲಿಮೀಟ್ರು ಆಚೀಚೆ ಆದ್ರೆ ಏನ್ ಹೋಯ್ತದೆ ಬುಡಿ’ ಅನ್ನುವವರನ್ನು ಈ ಕೆಲಸದಿಂದ ದೂರ ಇಡಿ.

ಆದರೆ ಪೂರ್ತಿ ಬೈಗುಳ ಫ್ರೆಟ್‌ಗಳಿಗೇ ಸಲ್ಲುವುದಿಲ್ಲ. ತಂತಿ ಎತ್ತರದಲ್ಲಿದ್ದಾಗ ಅದನ್ನು ಫ್ರೆಟ್ ತನಕ ಒತ್ತುವುದೇ ಒಂದು ಎಳೆತ, ಸ್ವರ ಮೇಲೇರುತ್ತದೆ. ಬ್ರಿಡ್ಜ್ ಜಾಗ ತಪ್ಪಿದ್ದರೂ ಹಾಗೆಯೇ. ಈಗಲೇ ಒಂದು ಪರೀಕ್ಷೆ ಮಾಡಿ: ತಂತಿ ಸಡಿಲಿಸಿ, ನಿಮ್ಮ ವರ್ನಿಯರ್ ಅಥವಾ ಉದ್ದನೆಯ ಸ್ಟೀಲ್ ಸ್ಕೇಲಿನಲ್ಲಿ ನಟ್‌ನಿಂದ ಪ್ರತಿ ಫ್ರೆಟ್‌ನ ನೆತ್ತಿಗೆ ಅಳೆದು ಮೇಲಿನ ಅಂಕಿಗಳ ಜೊತೆ ಹೋಲಿಸಿ. ಎಲ್ಲವೂ 0.3 ಮಿ.ಮೀ. ಒಳಗಿದ್ದರೆ ನಿಮ್ಮ ಫ್ರೆಟ್‌ಗಳು ನಿರಪರಾಧಿಗಳು. ಬ್ರಿಡ್ಜಿನ ತಂತಿ ಕೂರುವ ತುದಿ 648ಕ್ಕಿಂತ ತೆಳು ತಂತಿಗೆ ಒಂದೆರಡು ಮಿ.ಮೀ., ದಪ್ಪ ತಂತಿಗೆ ಮೂರರಿಂದ ಐದು ಮಿ.ಮೀ. ಹಿಂದೆ ಇರಬೇಕು. ಅದನ್ನು ಸ್ಕ್ರೂ ತಿರುಗಿಸಿ ಹೊಂದಿಸಬಹುದು.

ಹಾಗಾದರೆ ಮುಂದೇನು? ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ, ಇದೇ ಬಾಡಿಗೆ ರೆಡಿಮೇಡ್ ನೆಕ್ ಕೂರಿಸುವುದು. 648 ಮಿ.ಮೀ. ಅಳತೆ, 56 ಮಿ.ಮೀ. ಅಗಲದ ಬುಡ ನೋಡಿ ಕೊಳ್ಳಿ. ಅಗ್ಗದ ನೆಕ್‌ಗಳಲ್ಲಿ ಬೇಸಿಗೆ ಬಂದಾಗ ಫಿಂಗರ್‌ಬೋರ್ಡ್ ಅಗಲದಲ್ಲಿ ಕುಗ್ಗಿ ಫ್ರೆಟ್ ತುದಿಗಳು ಬೆರಳಿಗೆ ಚುಚ್ಚುತ್ತವೆ. ಸಣ್ಣ ಅರದಲ್ಲಿ ಒಂದು ಸಂಜೆಯ ಕೆಲಸ. ಎರಡನೆಯ ದಾರಿ, ನೆಕ್ ನೀವೇ ಮಾಡಿ, ಆದರೆ ಗೀರು ಹಾಕಿದ ಫಿಂಗರ್‌ಬೋರ್ಡ್ ಮಾತ್ರ ಕೊಂಡು ತನ್ನಿ. ಮೂರನೆಯದು, ಎಲ್ಲವೂ ಕೈಯಿಂದ. ಅದಕ್ಕೆ 0.6 ಮಿ.ಮೀ. ಗೀರು ಬೀಳುವ ಫ್ರೆಟ್ ಗರಗಸ, ಫಿಂಗರ್‌ಬೋರ್ಡಿಗೆ ಉಬ್ಬು ಕೊಡುವ ರೇಡಿಯಸ್ ಬ್ಲಾಕ್, ಫ್ರೆಟ್ ಮಟ್ಟ ಮಾಡುವ ಅರ, ಎಲ್ಲ ಕೊಳ್ಳಬೇಕು. ಒಂದೇ ಗಿಟಾರಿಗೆ ಅಷ್ಟು ಖರ್ಚು ಗಿಟ್ಟುವುದಿಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊಯ್ಸಬಹುದಲ್ಲ ಅಂತ ನಿಮಗೆ ಅನ್ನಿಸಿರುತ್ತದೆ. ಕೊಯ್ಸಬಹುದು, ಅಳತೆ ಚೊಕ್ಕವಾಗಿ ಬರುತ್ತದೆ. ಹಸಿ ಮರವನ್ನು ಚೊಕ್ಕವಾಗಿ ಕೊಯ್ದರೆ ಅದು ಆಮೇಲೆ ಬಾಗುತ್ತದೆ, ಅಷ್ಟೇ.

ನನ್ನನ್ನು ಕೇಳಿದರೆ ಎರಡನೆಯದು. ನೀವು ಸೋತಿರುವುದು ನೆಕ್‌ನಲ್ಲಿ. ಅದನ್ನೇ ಪೂರ್ತಿ ಕೊಂಡುಬಿಟ್ಟರೆ ನಿಮಗೆ ನುಡಿಸಲು ಗಿಟಾರ್ ಸಿಗುತ್ತದೆ, ಆದರೆ ನೀವು ಬರೆದಿರುವ ಧಾಟಿ ನೋಡಿದರೆ ಅಷ್ಟಕ್ಕೆ ಸುಮ್ಮನಾಗುವವರಂತೆ ಕಾಣುವುದಿಲ್ಲ. ಟ್ರಸ್ ರಾಡ್ ಕೂರುವ ಗಾಡಿಯನ್ನು, ಅಂದರೆ ಉದ್ದನೆಯ ತೋಡನ್ನು, ರಾಡ್‌ನ ಅಳತೆಗೆ ಬಿಗಿಯಾಗಿ ರೌಟರಿನಲ್ಲಿ ತೆಗೆಯಿರಿ. ಹಿಂಬದಿ ಕೊರೆದು ದುಂಡು ಮಾಡಿದ ಮೇಲೂ ಗಾಡಿಯ ಕೆಳಗೆ ಕನಿಷ್ಠ 3 ಮಿ.ಮೀ. ಮರ ಉಳಿಯಬೇಕು. ಮೊದಲ ಫ್ರೆಟ್ ಬಳಿ ಒಟ್ಟು 21, ಹನ್ನೆರಡರ ಬಳಿ 23 ಮಿ.ಮೀ. ಇಟ್ಟುಕೊಳ್ಳಿ. ಕೈಗೆ ದಪ್ಪ ಅನ್ನಿಸಿದರೆ ದಪ್ಪಕ್ಕೆ ಕೈ ಹಾಕಬೇಡಿ, ನೆಕ್ ಹಿಂಬದಿಯ ಎರಡು ಪಕ್ಕದ ಭುಜಗಳನ್ನು ಇನ್ನಷ್ಟು ಇಳಿಸಿ. ಹಿಡಿತ ಬದಲಾಗುತ್ತದೆ, ಬಿಗಿ ಅಷ್ಟಾಗಿ ಹೋಗುವುದಿಲ್ಲ.

ಹಾರ್ಡ್‌ವೇರ್ ಎಲ್ಲ ಕೈಗೆ ಬರುವ ತನಕ ಮರ ಮುಟ್ಟಬೇಡಿ. ಬ್ರಿಡ್ಜ್, ರಾಡ್, ಪಿಕಪ್ ಎಲ್ಲವನ್ನೂ ಅಳೆದು, ಡ್ರಾಯಿಂಗ್ ಹಾಳೆಯಲ್ಲಿ ಪಕ್ಕದ ನೋಟವನ್ನು ನಿಜ ಅಳತೆಯಲ್ಲೇ ಬರೆಯಿರಿ: ಬಾಡಿ, ಗುಂಡಿ, ನೆಕ್, ಫ್ರೆಟ್, ನಟ್‌ನಿಂದ ಬ್ರಿಡ್ಜ್‌ಗೆ ತಂತಿಯ ಗೆರೆ. ಬ್ರಿಡ್ಜಿನ ತಪ್ಪು ಈ ಹಾಳೆಯ ಮೇಲೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿತ್ತು. ಡ್ರಾಯಿಂಗ್ ಓದುವುದೇ ನಿಮ್ಮ ವೃತ್ತಿ, ಇದರಲ್ಲಿ ನೀವು ನಿಮ್ಮ ಬಡಗಿ ಸ್ನೇಹಿತನಿಗಿಂತ ಮುಂದು.

ಮರ ಯಾವುದು ಅಂತ ಇನ್ನೂ ಕೇಳುತ್ತೀರಾದರೆ: ಹೊಸ ನೆಕ್‌ಗೆ ಅದೇ ತೊಲೆಯ ನೆಟ್ಟ ಎಳೆಯ ಕೆಚ್ಚಿನ ಭಾಗ, ಮೂರು ಪಟ್ಟಿ. ನಡುತಿರುಳು ಬೇಡ, ಅಲ್ಲಿಂದಲೇ ಬಿರುಕು ಹೊರಡುತ್ತದೆ. ಸೀಳಿಸುವ ಮುಂಚೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ತೊಲೆಯ ನಾಲ್ಕೂ ಮುಖಕ್ಕೆ ಆಡಿಸಿ. ಮುರಿದು ಒಳಗುಳಿದ ಮೊಳೆಯೊಂದು ಸಾಕು, ಸಾ ಮಿಲ್‌ನವರ ಬ್ಲೇಡು ಹೋಗುತ್ತದೆ, ಆಮೇಲೆ ನಿಮ್ಮ ಮರವನ್ನು ಅವರು ಮುಟ್ಟುವುದಿಲ್ಲ. ಬೀಟೆಯಲ್ಲಿ ಬಾಡಿ ಮಾಡಬೇಡಿ. ಆಗುವುದಿಲ್ಲ ಅಂತಲ್ಲ, ಫೆಂಡರ್‌ನವರೇ 1968ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗಾಗಿ ಬೀಟೆಯ ಬಳಗದ ರೋಸ್‌ವುಡ್‌ನಲ್ಲೇ ಟೆಲಿಕಾಸ್ಟರ್ ಗಿಟಾರ್ ಮಾಡಿದ್ದರು. ಆದರೆ ಬೀಟೆ ಭಾರ, ಹೆಗಲು ನಿಮ್ಮದು. ಬೀಟೆ ಫಿಂಗರ್‌ಬೋರ್ಡಿಗೆ ಹೇಳಿ ಮಾಡಿಸಿದ ಮರ, 6 ಮಿ.ಮೀ. ದಪ್ಪದ ಪಟ್ಟಿ ಸಾಕು. ಬಿಲ್ ಕೊಡುವ ಕಡೆಯೇ ಕೊಳ್ಳಿ, ಅರಣ್ಯ ಇಲಾಖೆಯ ನಿಯಮ ಬೀಟೆಗೆ ಬಿಗಿಯಾಗಿದೆ. ಅದರ ದೂಳು ಕೆಲವರಿಗೆ ಮೈ ಕಡಿತ, ಉಬ್ಬಸ ತರುತ್ತದೆ, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಚಿಕ್ಕಪ್ಪನವರ ಮನಸ್ಸು ನೋಯಿಸಬಾರದು ಅಂದರೆ ಮುಂದಿನ ಬಾಡಿಯನ್ನು ಹಲಸಿನಲ್ಲಿ ಮಾಡಿ, ನಷ್ಟವೇನಿಲ್ಲ, ಹಳದಿ ಬಣ್ಣ ಕಾಲ ಕಳೆದಂತೆ ಚೆಂದದ ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಲಿಶ್ ಮಾತ್ರ ಮಳೆಗಾಲದಲ್ಲಿ ಹೊಡೆಸಬೇಡಿ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ತೇವ ಹಿಡಿದು ಬೆಳ್ಳಗಾಗುತ್ತದೆ.

ಹೊಸದಕ್ಕೆ ಮೊದಲು 9–42 ಸೆಟ್ ಕಟ್ಟಿ, ಎಳೆತ ಸುಮಾರು 38 ಕೆ.ಜಿ.ಗೆ ಇಳಿಯುತ್ತದೆ. ಒಂದು ದಿನ ಹಾಗೇ ಬಿಟ್ಟು, ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು ಏಳನೆಯದರ ಮೇಲೆ ತಂತಿಗೂ ಫ್ರೆಟ್‌ಗೂ ಇರುವ ಸಂದು ನೋಡಿ. ಆಟೊಮೊಬೈಲ್ ಅಂಗಡಿಯ ಫೀಲರ್ ಗೇಜ್ ಸಾಕು. 0.25 ಮಿ.ಮೀ. ಇರಲಿ. ಹೆಚ್ಚಿದ್ದರೆ ಟ್ರಸ್ ರಾಡನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಮಾರನೆಯ ದಿನ ಮತ್ತೆ ನೋಡಿ.

ಉಳಿದದ್ದು ಗುಂಯ್ ಶಬ್ದ. ತಂತಿ ಮುಟ್ಟಿದಾಗ ಕಡಿಮೆಯಾಗುತ್ತದೆ ಅಂದರೆ ಬ್ರಿಡ್ಜಿಗೆ ಗ್ರೌಂಡ್ ವೈರ್ ಸರಿಯಾಗಿಯೇ ಸೇರಿದೆ, ಹೊರಗಿನ ವಿದ್ಯುತ್ ಗದ್ದಲ ಒಳಬಾರದ ಹಾಗೆ ಪಿಕಪ್ ಕೂರುವ ಗುಂಡಿಗೆ ತಡೆ ಇಲ್ಲ ಅಷ್ಟೇ. ಗುಂಡಿಯ ಒಳಗೋಡೆಗೆಲ್ಲ ತಾಮ್ರದ ಟೇಪ್ ಅಂಟಿಸಿ, ತುಂಡುಗಳು ಒಂದಕ್ಕೊಂದು ತಾಗುವ ಹಾಗೆ ಬೆಸುಗೆ ಹಾಕಿ, ಗ್ರೌಂಡ್‌ಗೆ ಸೇರಿಸಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಆದರೆ ಸ್ವಲ್ಪ ಗುಂಯ್ ಉಳಿದೇ ಉಳಿಯುತ್ತದೆ, ಬೇಡವೆಂದರೆ ಎರಡು ಸುರುಳಿಯ ಹಂಬಕರ್ ಹಾಕಿ. ಅದಕ್ಕಿಂತ ಮುಖ್ಯವಾದದ್ದು ಮನೆಯ ಅರ್ಥಿಂಗ್. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಆಂಪ್‌ನೊಳಗೆ ಏನಾದರೂ ಕೆಟ್ಟು ಪೆಟ್ಟಿಗೆಗೆ ಕರೆಂಟ್ ಬಂದರೆ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ನೇರ ನಿಮ್ಮ ಬೆರಳಿಗೆ ಬರುತ್ತದೆ. ಊರಿನ ಹಳೆ ವೈರಿಂಗಿನಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಮೂರನೆಯದು ಭೂಮಿಗೆ ಸೇರಿದೆ ಅಂತ ನಂಬುವ ಹಾಗಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಅಲ್ಲಿಯ ತನಕ ಆಂಪ್‌ನ ಪ್ಲಗ್ ಕಿತ್ತಿಡಿ.